ಸಂದರ್ಭ ಮತ್ತು ಸ್ವಾರಸ್ಯ

"ಈ ಪದ್ಯ ನಿಮಗೇ ಬಿಡ್ತೀನಿ ಮೇಡಂ," ಎಂದು ವಿಭಾಗದ ಮುಖ್ಯಸ್ಥರು ಹೊಸ ಪಠ್ಯಪುಸ್ತಕವನ್ನು ತೆರೆದು, ಪುಟವನ್ನು ಅಂಗೈಯಿಂದ ಒತ್ತಿ, ಮೇಜಿನ ಈಚೆ ಕಡೆಗೆ ತಳ್ಳಿದರು. "ಅಲಂಕಾರ ಅಂದ್ರೆ ನಿಮಗೆ ನೀರು ಕುಡಿದಷ್ಟು ಸುಲಭ. ರೂಪಕ, ಉಪಮೆ, ಉತ್ಪ್ರೇಕ್ಷೆ, ಎಲ್ಲಾ ಇದರಲ್ಲೇ ಇದೆ. ಪರೀಕ್ಷೆಗೆ ಬಂದೇ ಬರುತ್ತೆ."

ಅವಳು ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು. ಬೈಂಡಿಂಗಿನ ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಪದ್ಯದ ಹೆಸರು 'ಆರಿದ ದೀಪ'. ಪಕ್ಕದಲ್ಲಿ ಕವಿಯ ಕಾವ್ಯನಾಮ, ಅಂಚೆಚೀಟಿಯಷ್ಟು ಚಿಕ್ಕ ಫೋಟೋ. ಅದರಲ್ಲಿ ಅವಳ ಅಣ್ಣ ಗಲ್ಲಕ್ಕೆ ಕೈಕೊಟ್ಟು ದೂರ ಎಲ್ಲಿಗೋ ನೋಡುತ್ತಿದ್ದ.

"ಇದನ್ನ ಬೇರೆ ಯಾರಾದ್ರೂ ತಗೊಳ್ಳಲಿ ಸರ್. ನಾನು ವ್ಯಾಕರಣ ಮಾಡ್ತೀನಿ."

"ಯಾಕೆ, ಹಿಡಿಸಲಿಲ್ವಾ? ಇದನ್ನ ಓದಿ ನಮ್ಮನೆಯವಳು ಊಟ ಬಿಟ್ಟು ಅತ್ತಿದಾಳೆ. ಹೆತ್ತ ತಾಯಿ ತೊಡೆ ಮೇಲೆ ಪ್ರಾಣ ಬಿಟ್ಟಿದ್ದನ್ನ ಹಾಗೆ ಬರೀಬೇಕಾದ್ರೆ ಆ ಮನುಷ್ಯ ಎಷ್ಟು ನೊಂದಿರಬೇಕು."

"ಹೌದು ಸರ್," ಎಂದಳು ಅವಳು. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.

ಆ ಕವಿ ತನ್ನ ಒಡಹುಟ್ಟಿದವನು ಎಂದು ಕಾಲೇಜಿನಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ. ಮೊದಮೊದಲು ಜಂಭ ಎಂದುಕೊಂಡಾರು ಎಂಬ ಸಂಕೋಚ. ಆಮೇಲೆ ಹೇಳುವ ಹಾಗೇ ಉಳಿಯಲಿಲ್ಲ. ಯಾಕೆಂದರೆ ಅಮ್ಮ ಸತ್ತಿರಲಿಲ್ಲ. ಆ ಬೆಳಿಗ್ಗೆ ತಾನೇ ಅವಳ ತಲೆ ಬಾಚಿ, ಮಾತ್ರೆ ನುಂಗಿಸಿ, ರೇಡಿಯೋವನ್ನು ಕೈಗೆಟುಕುವಂತೆ ಇಟ್ಟು ಬಂದಿದ್ದಳು. "ಸಾಯಂಕಾಲ ಬರುವಾಗ ಒಳ್ಳೆ ಬಿಸ್ಕತ್ತು ತಗೊಂಡ್ ಬಾ, ಆ ಮರದ ಹೊಟ್ಟಿನ ಬಿಸ್ಕತ್ತು ಬೇಡ," ಎಂದು ಅಮ್ಮ ಮೆಟ್ಟಿಲಿನ ತನಕ ಕೇಳುವಂತೆ ಕೂಗಿ ಹೇಳಿದ್ದಳು.

ಅಮ್ಮ ಚಿತ್ರಮಂದಿರವೊಂದರ ಟಿಕೆಟ್ ಕೌಂಟರಿನಲ್ಲಿ ಕೂತು ಇಬ್ಬರು ಮಕ್ಕಳನ್ನು ಸಾಕಿದವಳು. ಗಂಡ ಎಂಬವನು ಮಗಳು ತೊಟ್ಟಿಲಲ್ಲಿದ್ದಾಗಲೇ ಹೇಳದೆ ಕೇಳದೆ ಹೋಗಿದ್ದ. ಒಂದು ಕೈ ಮಾತ್ರ ತೂರುವಷ್ಟು ಕಿಂಡಿಯ ಹಿಂದೆ ಕೂತು ಕೂತು, ಊರಿನ ಅರ್ಧ ಜನಕ್ಕೆ ಅವಳ ಮುಖ ಗೊತ್ತಿಲ್ಲದಿದ್ದರೂ ದನಿ ಗೊತ್ತಿತ್ತು. "ಹೌಸ್‌ಫುಲ್, ದಾರಿ ಬಿಡಿ," ಎಂದರೆ ಕುಡಿದು ಬಂದ ಪುಂಡರೂ ದಾರಿ ಬಿಡುತ್ತಿದ್ದರು. 'ಕೌಂಟರಮ್ಮ' ಎಂದು ಹೆಸರು ಬಿದ್ದದ್ದು ಅಲ್ಲಿಯೇ. ಚಿತ್ರಮಂದಿರ ಮುಚ್ಚಿ ಅಲ್ಲಿ ಸೋಫಾ ಮಾರುವ ಅಂಗಡಿ ಬಂದ ಮೇಲೂ ಅಮ್ಮನ ಮಾತು ಆ ಕಿಂಡಿಯಿಂದಲೇ ಬರುತ್ತಿತ್ತು. ಚಿಕ್ಕದು, ನೇರ, ಚಿಲ್ಲರೆ ಸಮೇತ.

ಕೆಲವು ವರ್ಷಗಳ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ದೂರದ ದೊಡ್ಡ ಊರಿನಲ್ಲಿದ್ದ ಅಣ್ಣ ಬಂದ. ಆಪರೇಷನ್ ಆಗುವ ತನಕ ಆಸ್ಪತ್ರೆಯ ಹಜಾರದಲ್ಲಿ ಕೂತಿದ್ದ, ತಂಗಿಯ ಕೈ ಹಿಡಿದುಕೊಂಡಿದ್ದ, ರಜೆ ಮುಗಿಯಿತೆಂದು ಹೊರಟುಹೋದ. ಮುಂದಿನ ವರ್ಷ ಒಂದು ವಿಶೇಷಾಂಕದಲ್ಲಿ 'ಆರಿದ ದೀಪ' ಬಂತು. ಅದರಲ್ಲಿ ತಾಯಿ ಒಂದು ಗುಡಿಸಲಿನಲ್ಲಿ, ಎಣ್ಣೆದೀಪದ ಬೆಳಕಿನಲ್ಲಿ, ಮಗನ ತೊಡೆಯ ಮೇಲೆ ತಲೆಯಿಟ್ಟು, ಬೆಳಗಾಗುವ ಮೊದಲೇ ತೀರಿಕೊಳ್ಳುತ್ತಿದ್ದಳು. ಅವಳು ಅದನ್ನು ಓದಿ, ಅಮ್ಮನ ಕಣ್ಣಿಗೆ ಬೀಳದಂತೆ ಪತ್ರಿಕೆಯನ್ನು ಬಟ್ಟೆಗಳ ಕೆಳಗೆ ಬಚ್ಚಿಟ್ಟಳು. ಬಚ್ಚಿಟ್ಟು ಪ್ರಯೋಜನವಾಗಲಿಲ್ಲ. ಪದ್ಯಕ್ಕೆ ಪ್ರಶಸ್ತಿ ಬಂತು, ಸಮಾರಂಭ ಟೀವಿಯಲ್ಲಿ ಬಂತು.

ಅಂದು ಅಮ್ಮ ಕನ್ನಡಕ ಒರೆಸಿಕೊಂಡು ಟೀವಿಯ ಎದುರು ಕೂತಿದ್ದಳು. ಶಾಲು ಹೊದ್ದ ಅಣ್ಣ ಮೈಕಿನ ಮುಂದೆ ಬಂದ. "ಈ ದಿನ ನೋಡೋಕೆ ನನ್ನ ತಾಯಿ ಇರಬೇಕಾಗಿತ್ತು," ಎಂದ. ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ಸಭೆಯೇ ಎದ್ದು ನಿಂತಿತು.

ಅಮ್ಮ ಟೀವಿಯ ಕಡೆ ಸ್ವಲ್ಪ ಬಾಗಿದಳು. "ಇದೀನಲ್ಲೋ," ಎಂದಳು ಮೆಲ್ಲಗೆ. "ಇಲ್ಲೇ ಇದೀನಲ್ಲ."

ಆಮೇಲೆ, ಸೌಂಡ್ ಜಾಸ್ತಿಯಾಯಿತು, ಆರಿಸು ಎಂದಳು.

ಮಾರನೆಯ ದಿನ ಅವಳು ಅಣ್ಣನಿಗೆ ಫೋನು ಮಾಡಿ ಜಗಳವಾಡಿದಳು. ಅಣ್ಣ ಸಿಟ್ಟಾಗಲಿಲ್ಲ. ಮಕ್ಕಳಿಗೆ ಹೇಳಿಕೊಡುವಂತೆ ಹೇಳಿದ. "ಪುಟ್ಟೀ, ಕವಿತೆಯೊಳಗಿನ ನಾನು ಬೇರೆ, ಹೊರಗಿನ ನಾನು ಬೇರೆ. ಆ ತಾಯಿ ಎಲ್ಲಾ ತಾಯಂದಿರಿಗೂ ಒಂದು ಸಂಕೇತ. ಅಲಂಕಾರ ಪಾಠ ಮಾಡೋಳು ನೀನು, ನಿನಗೆ ನಾನು ಹೇಳಬೇಕಾ?"

"ವೇದಿಕೆ ಮೇಲೆ ಅತ್ತೋನು ಯಾರು?" ಎಂದು ಅವಳು ಕೇಳಿದಳು.

"ಆ ಕ್ಷಣದಲ್ಲಿ ಬಾಯಿಗೆ ಬಂದ್ಬಿಡ್ತು," ಎಂದ. ಅದು ನಿಜವಿರಬಹುದು. ಆದರೆ ಬಾಯಿಗೆ ಬಂದದ್ದನ್ನು ಅವನು ವಾಪಸು ತೆಗೆದುಕೊಳ್ಳಲಿಲ್ಲ. ಮುಂದೆ ಸಂದರ್ಶನಗಳಲ್ಲಿ ಅದನ್ನೇ ಹೇಳಿದ, ಹೇಳಿ ಹೇಳಿ ಒಂದು ಹದಕ್ಕೂ ತಂದ. ಮನೆಗೆ ಬರುವುದು ನಿಂತಿತು. ಭಾನುವಾರ ಭಾನುವಾರ ಫೋನು ಮಾಡುತ್ತಿದ್ದ, ಊಟ ಆಯಿತಾ ಎಂದು ಕೇಳುತ್ತಿದ್ದ. ಅಮ್ಮ, ಆಯಿತು ಎನ್ನುತ್ತಿದ್ದಳು.

ಸಾಯಂಕಾಲ ಅವಳು ಪಠ್ಯಪುಸ್ತಕವನ್ನು ಚೀಲದಿಂದ ತೆಗೆಯದೆ ಇರಬಹುದಿತ್ತು. ಆದರೆ ಬಿಸ್ಕತ್ತಿಗಾಗಿ ಅಮ್ಮನೇ ಚೀಲಕ್ಕೆ ಕೈಹಾಕಿದಳು.

"ಇದೇನು, ದೊಡ್ಡೋನ ಫೋಟೋ." ಅಮ್ಮ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದಳು. "ಶಾಲೆ ಪುಸ್ತಕದಲ್ಲಿ ಹಾಕಿದಾರಾ?"

"ಕಾಲೇಜಿಂದು."

"ಓದು, ಕೇಳೋಣ."

"ಬೇಡಮ್ಮ."

"ನನ್ನ ವಿಷಯ ಊರಿಗೆಲ್ಲ ಗೊತ್ತು, ನಾನೊಬ್ಬಳು ಕೇಳಬಾರದಾ? ಓದೇ."

ಅವಳು ಓದಿದಳು. ದನಿಯಲ್ಲಿ ಏನೂ ಸೇರದ ಹಾಗೆ, ಸುತ್ತೋಲೆ ಓದುವಂತೆ ಓದಲು ನೋಡಿದಳು. ಆದರೆ ಪದ್ಯ ಚೆನ್ನಾಗಿತ್ತು. ಅದೇ ಅವಳಿಗೆ ಸಹಿಸಲಾಗದ ಸಂಗತಿ.

*ಎಣ್ಣೆಯೂ ನೀನೆ, ಬತ್ತಿಯೂ ನೀನೆ,*
*ಬೆಳಕು ಮಾತ್ರ ನನ್ನದಾಯಿತು ತಾಯೆ;*
*ನಸುಕಿಗೆ ಮುನ್ನ ನೀನಾರಿದ ಮೇಲೆ*
*ಹೊಗೆಯಂತೆ ಉಳಿದೆ ನಾ, ನಿನ್ನದೇ ಛಾಯೆ.*

ಅಮ್ಮ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಾಗೇ ಹಿಡಿದಿದ್ದಳು. ಅರ್ಧ ಕಳಚಿ ಲೋಟಕ್ಕೆ ಬಿತ್ತು.

"ನಮ್ಮನೇಲಿ ಟ್ಯೂಬ್‌ಲೈಟ್ ಇತ್ತಲ್ಲೇ," ಎಂದಳು. "ಕಂತಿನ ಮೇಲೆ ಹಾಕಿಸಿದ್ದೆ. ಅವನು ಓದ್ಕೊಳ್ಳಲಿ ಅಂತ." ಚಮಚಕ್ಕೆ ಕೈಚಾಚಿದಳು. "ಬೆಳಕು ಮಾತ್ರ ನನ್ನದಾಯ್ತು ಅಂತ ಒಪ್ಕೊಂಡಿದಾನೆ ನೋಡು. ಅಷ್ಟರ ಮಟ್ಟಿಗೆ ಸತ್ಯವಂತ."

ಅವಳಿಗೆ ನಗು ಬಂತು. ಅಮ್ಮನೂ ನಕ್ಕಳು.

"ಬದುಕಿರೋರನ್ನ ಹೀಗೆ ಸಾಯಿಸೋದಕ್ಕೆ ನಿಮ್ಮಲ್ಲಿ ಏನಂತಾರೆ? ಒಂದು ಹೆಸರಿರಬೇಕಲ್ಲ."

"ಅತಿಶಯೋಕ್ತಿ ಅನ್ನಬಹುದು. ಇದ್ದದ್ದನ್ನ ಹೆಚ್ಚು ಮಾಡಿ ಹೇಳೋದು."

"ಇಲ್ಲಿ ಕಮ್ಮಿ ಮಾಡಿದಾನಲ್ಲ. ಇದ್ದೋಳನ್ನ ಇಲ್ಲ ಅಂದಿದಾನೆ." ಅಮ್ಮ ಲೋಟದ ತಳದಲ್ಲಿ ಕರಗಿದ ಬಿಸ್ಕತ್ತನ್ನು ಚಮಚದಿಂದ ತೆಗೆದು ತಿಂದಳು. "ಹೋಗಲಿ ಬಿಡು. ನನ್ನ ಮಗ ಬಹಳ ಒಳ್ಳೆಯವನು. ನಾನು ಸಾಯೋ ತನಕ ಕಾಯದೇ ಅತ್ತು ಮುಗಿಸಿದ. ಯಾರ ಮಕ್ಕಳು ಮಾಡ್ತಾರೆ?"

ಹೊಗಳಿಕೆಯ ನೆಪದಲ್ಲಿ ತೆಗಳುವುದು. ವ್ಯಾಜಸ್ತುತಿ. ಪಠ್ಯಪುಸ್ತಕದಲ್ಲಿ ಅದಕ್ಕೆ ಕೊಟ್ಟ ಉದಾಹರಣೆ ಇದರ ಮುಂದೆ ಸಪ್ಪೆ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಎದುರಿಗೆ ಕೂತ ಮುದುಕಿ ಖಾಲಿ ಲೋಟವನ್ನು ಚಮಚದಿಂದ ಕೆರೆಯುತ್ತಲೇ ಇದ್ದಳು, ತಾನು ಅಲಂಕಾರ ಹುಡುಕುತ್ತಿದ್ದಳು.

"ನೀನು ಇದನ್ನ ಹುಡುಗರಿಗೆ ಪಾಠ ಮಾಡ್ಬೇಕಾ?"

"ಮಾಡಲೇಬೇಕು."

"ಮಾಡು. ಸಂಬಳ ಕೊಡ್ತಾರೆ." ಅಮ್ಮ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕನ್ನಡಕವಿಲ್ಲದ ಅವಳ ಮುಖ ಚಿಕ್ಕದಾಗಿ, ಯಾರೋ ಅಪರಿಚಿತರದೆಂಬಂತೆ ಕಾಣುತ್ತಿತ್ತು. "ಆದ್ರೆ ನಾನು ಸತ್ತಿದೀನಿ ಅಂತ ನೀನು ಹೇಳ್ಬೇಡ. ನಿನ್ನ ಬಾಯಲ್ಲಿ ಹೇಳ್ಬೇಡ ಪುಟ್ಟಿ. ಅವನು ಹೇಳಿದ್ದು ಸಾಕು."

"ಹೇಳಲ್ಲಮ್ಮ."

ಪಾಠವನ್ನು ಅವಳು ಎಷ್ಟು ದಿನ ಮುಂದೂಡಬಹುದೋ ಅಷ್ಟು ದಿನ ಮುಂದೂಡಿದಳು. ಕೊನೆಗೆ ಮಾಡಲೇಬೇಕಾದಾಗ ಬಹಳ ಎಚ್ಚರದಿಂದ ಮಾಡಿದಳು. 'ಕವಿತೆಯಲ್ಲಿ ಬರುವ ಮಗ', 'ಕವಿತೆಯ ತಾಯಿ' ಎಂದೇ ಮಾತನಾಡಿದಳು. ತಾಯಿಯೇ ಎಣ್ಣೆ, ತಾಯಿಯೇ ಬತ್ತಿ ಎಂದು ಭೇದವಿಲ್ಲದೆ ಹೇಳಿರುವುದರಿಂದ ರೂಪಕ. 'ಹೊಗೆಯಂತೆ' ಎಂಬಲ್ಲಿ ಉಪಮೆ. ಮಗ ಉಪಮೇಯ, ಹೊಗೆ ಉಪಮಾನ, 'ಅಂತೆ' ಎಂಬುದು ಉಪಮಾವಾಚಕ. ಮಕ್ಕಳು ಬರೆದುಕೊಂಡರು. ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಯಾವಾಗಲೂ ಎರಡು ಪೆನ್ನು ಇಟ್ಟುಕೊಂಡಿರುತ್ತಿದ್ದಳು. ನೀಲಿಯಲ್ಲಿ ಬರೆದು ಕೆಂಪಿನಲ್ಲಿ ಅಡಿಗೆರೆ ಎಳೆಯುತ್ತಿದ್ದಳು. ತರಗತಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ 'ಎರಡು ಪೆನ್ನು' ಎಂದು.

ಆ ಹುಡುಗಿ ಎದ್ದು ನಿಂತಳು. "ಮೇಡಂ, ಕವಿಯ ತಾಯಿ ಯಾವಾಗ ತೀರ್ಕೊಂಡ್ರು?"

"ಅದು ಮುಖ್ಯ ಅಲ್ಲ. ಪದ್ಯದಲ್ಲಿ ಏನಿದೆಯೋ ಅಷ್ಟು ನೋಡೋಣ."

"ಸಂದರ್ಭ ಕೇಳಿದ್ರೆ ಏನು ಬರೀಬೇಕು ಮೇಡಂ?"

ವಿಭಾಗದ ಮುಖ್ಯಸ್ಥರು ಹಜಾರದಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತರು. ಈ ಪದ್ಯವೆಂದರೆ ಅವರಿಗೆ ಕಾಲು ಮುಂದೆ ಹೋಗುವುದಿಲ್ಲ. "ಕೂತ್ಕೊಳಮ್ಮ, ನಾನು ಹೇಳ್ತೀನಿ," ಎಂದು ಒಳಗೆ ಬಂದರು. ಪ್ರಶಸ್ತಿ ಸಮಾರಂಭದ ಮಾತನ್ನೆಲ್ಲ ಹೇಳಿದರು. ಬೆಳಗಿನ ಜಾವ, ಗುಡಿಸಲು, ಕೊನೆಯ ಗುಟುಕು ನೀರು, ಮಗನ ತೊಡೆ. ಹಿಂದಿನ ಬೆಂಚಿನಲ್ಲಿ ಯಾವಾಗಲೂ ಪಿಸುಗುಡುವ ಹುಡುಗರೂ ಸುಮ್ಮನೆ ಕೇಳಿದರು. ಅವಳು ಕಿಟಕಿಯ ಪಕ್ಕ ನಿಂತು ಕೇಳಿದಳು.

"ಸಂದರ್ಭ ಒಂದು ವಾಕ್ಯ ಬರೆಸಿಬಿಡಿ ಮೇಡಂ," ಎಂದರು ಮುಖ್ಯಸ್ಥರು. "ಇಲ್ಲಾಂದ್ರೆ ಪಾಪ, ಅನ್ಯಾಯವಾಗಿ ಅಂಕ ಹೋಗುತ್ತೆ."

ಅವರು ಹೋಗಲಿ ಎಂದು ಅವಳು ಕಾದಳು. ಅವರು ಹೋಗಲಿಲ್ಲ. ಅವಳು ಹಲಗೆಯ ಕಡೆ ತಿರುಗಿ, ಬಾಯಿ ಮುಚ್ಚಿಕೊಂಡು ಬರೆದಳು. *ಸಂದರ್ಭ: ತಾಯಿಯನ್ನು ಕಳೆದುಕೊಂಡ ಕವಿಯು ಆಕೆಯ ತ್ಯಾಗವನ್ನು ನೆನೆದು ಈ ಮಾತನ್ನು ಹೇಳಿದ್ದಾರೆ.* ಅವಳ ಅಕ್ಷರ ದುಂಡಗೆ, ಒಂದೇ ಅಳತೆಯಲ್ಲಿ ಬಂತು. ಹಿಂದೆ ಪೆನ್ನುಗಳ ಸರಸರ ಕೇಳಿಸಿತು.

ಮನೆಗೆ ಬಂದಾಗ ಅಮ್ಮ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಳು. "ಆಯ್ತಾ ನನ್ನ ಪಾಠ?"

"ಆಯ್ತು."

"ಹೇಳಿದ್ಯಾ?"

"ಇಲ್ಲಮ್ಮ. ನನ್ನ ಬಾಯಲ್ಲಿ ಹೇಳ್ಲಿಲ್ಲ."

ಜೀವಮಾನವೆಲ್ಲ ಕಿಂಡಿಯ ಆಚೆಯಿಂದ ಬರುವ ಕೈಗಳನ್ನು ನೋಡಿದವಳು ಅಮ್ಮ. ಹರಿದ ನೋಟನ್ನು ಮಡಿಚಿ ಕೊಡುವ ಕೈ ಯಾವುದು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಮಗಳ ಬೆರಳಿನ ಸೀಮೆಸುಣ್ಣದ ಪುಡಿಯನ್ನು ಒಂದು ಗಳಿಗೆ ನೋಡಿದಳು.

"ಸರಿ. ಕೈ ತೊಳ್ಕೊಂಡ್ ಬಾ," ಎಂದಳು. ಮತ್ತೆ ಆ ಪದ್ಯದ ಮಾತು ಎತ್ತಲಿಲ್ಲ.

ಚಳಿ ಕಾಲದಲ್ಲಿ ಅಮ್ಮನಿಗೆ ಕೆಮ್ಮು ಹಿಡಿಯಿತು. ಅದು ಎದೆಗೆ ಇಳಿದು ಕಫ ಕಟ್ಟಿತು. ಆಸ್ಪತ್ರೆಗೆ ಸೇರಿಸಿದ ದಿನವೇ ಅವಳು ಅಣ್ಣನಿಗೆ ಫೋನು ಮಾಡಿದಳು.

"ಡಾಕ್ಟರ್ ಏನಂತಾರೆ?"

"ಬರೋರಿದ್ರೆ ಬರಲಿ ಅಂತಾರೆ."

ಅಣ್ಣ ತಡವರಿಸಿದ. "ನಾಡಿದ್ದು ಬರ್ತೀನಿ ಪುಟ್ಟಿ. ಇಲ್ಲಿ ವಿಚಾರ ಸಂಕಿರಣ ಇಟ್ಕೊಂಡಿದಾರೆ. ನನ್ನ ಕಾವ್ಯದ ಮೇಲೇ. ನಾನೇ ಇಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಏನಂತ ಹೇಳಲಿ?"

ಏನಂತ ಹೇಳಲಿ ಎಂಬುದು ಅವನ ನಿಜವಾದ ಕಷ್ಟ ಎಂದು ಅವಳಿಗೆ ಅರ್ಥವಾಯಿತು. ತಾಯಿಗೆ ಹುಷಾರಿಲ್ಲ ಎಂದು ರಜೆ ಕೇಳುವ ಹಕ್ಕನ್ನು ಅವನು ಎಂದೋ ಕಳೆದುಕೊಂಡಿದ್ದ.

"ಅಮ್ಮ ನನ್ನ ಕೇಳ್ತಿದಾಳಾ?" ಎಂದ.

"ಕೇಳ್ತಿಲ್ಲ. ಬಾಗಿಲು ನೋಡ್ತಿದಾಳೆ."

ಅಂದು ಮಧ್ಯಾಹ್ನ ಅಮ್ಮ ಆಮ್ಲಜನಕದ ನಳಿಗೆಯನ್ನು ಮೂಗಿನಿಂದ ಸರಿಸಿ, "ದೊಡ್ಡೋನಿಗೆ ಹೇಳಿದ್ಯಾ?" ಎಂದಳು.

"ಹೇಳಿದೀನಿ. ನಾಡಿದ್ದು ಬರ್ತಾನಂತೆ."

"ಸುಮ್ನೆ ಯಾಕೆ ಅವನಿಗೆ ತೊಂದರೆ. ನನ್ನ ಸಾವಿಗೆ ಒಂದ್ಸಲ ಬಂದು ಹೋಗಿದಾನಲ್ಲ."

ಗ್ಲೂಕೋಸ್ ಬಾಟಲಿ ಬದಲಾಯಿಸುತ್ತಿದ್ದ ನರ್ಸು, ಅಜ್ಜಿಗೆ ಅರುಳು ಮರುಳು ಎಂದುಕೊಂಡು ನಕ್ಕಳು. ನಳಿಗೆಯನ್ನು ಮತ್ತೆ ಸರಿಯಾಗಿ ಇಟ್ಟು ಹೋದಳು. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬಹಳ ಹೊತ್ತಿನ ಮೇಲೆ ಈ ಕಡೆ ತಿರುಗದೆ, "ತಲೆ ಒಂಚೂರು ಬಾಚೇ," ಎಂದಳು. "ಕೆದರಿದೆ. ಯಾರಾದ್ರೂ ಬಂದ್ರೆ ಚೆನ್ನಾಗಿರಲ್ಲ."

ಅವಳು ಬಾಚಿದಳು. ಹಿಡಿಗೆ ಸಿಗದಷ್ಟು ತೆಳ್ಳನೆಯ ಕೂದಲು. ಜಡೆ ಹೆಣೆದು ಭುಜದ ಮುಂದಕ್ಕೆ ಹಾಕಿದಳು.

ಯಾರೂ ಬರಲಿಲ್ಲ. ಮಾರನೆಯ ದಿನ ಊಟದ ಹೊತ್ತಿಗೆ ಅಮ್ಮ, "ಫ್ಯಾನ್ ಕಮ್ಮಿ ಮಾಡು, ಗಾಳಿ ಜಾಸ್ತಿ ಆಯ್ತು," ಎಂದಳು. ಅವಳು ಎದ್ದು ಫ್ಯಾನು ಕಡಿಮೆ ಮಾಡಿ ಬಂದು ಕೂತಳು. ಆಮೇಲೆ ಅಮ್ಮ ಮಾತಾಡಲಿಲ್ಲ. ಉಸಿರು ನಿಂತದ್ದು ಯಾವಾಗ ಎಂದು ಅವಳಿಗೆ ತಕ್ಷಣ ತಿಳಿಯಲೂ ಇಲ್ಲ.

ಅಣ್ಣ ಮಾರನೆಯ ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಮನೆಗೆ ಬಂದ. ತಲೆಗೆ ಟೋಪಿ ಹಾಕಿದ್ದ, ಕಪ್ಪು ಕನ್ನಡಕ ಹಾಕಿದ್ದ. ಬಾಗಿಲು ದಾಟಿದವನೇ ಅಮ್ಮನ ಪಕ್ಕ ಕುಸಿದು ಕೂತು ಅತ್ತ. ವೇದಿಕೆಯ ಮೇಲೆ ಅತ್ತ ಹಾಗಲ್ಲ. ಮೂಗು ಸುರಿಯಿತು, ಗಂಟಲಿನಿಂದ ಗೊರಗೊರ ಎಂದು ಕೆಟ್ಟ ಸದ್ದು ಬಂತು. ಅದನ್ನು ನೋಡಿ ಅವಳ ಮನಸ್ಸು ಕರಗಿತು. ಹೋಗಿ ಬೆನ್ನು ಸವರಿದಳು. ಚಿಕ್ಕಂದಿನಲ್ಲಿ ಅಮ್ಮ ಎರಡನೆಯ ಆಟ ಮುಗಿಸಿ ಬರುವ ತನಕ ಇಬ್ಬರೂ ಒಂದೇ ಹೊದಿಕೆಯಲ್ಲಿ ಮುದುರಿ ಕೂತಿರುತ್ತಿದ್ದರು. ಅವನು ಅವಳಿಗೆ ಕಥೆ ಹೇಳುತ್ತಿದ್ದ. ಹೆದರಿಕೆಯಾದರೆ ಕಥೆಯನ್ನು ಬದಲಾಯಿಸುತ್ತಿದ್ದ.

ಸ್ವಲ್ಪ ಸಮಾಧಾನವಾದ ಮೇಲೆ ಅಣ್ಣ ಮುಖ ಒರೆಸಿಕೊಂಡು ಕೇಳಿದ. "ಕೊನೆಗೆ ಏನಂದಳು?"

ಅವಳು ಬಾಯಿ ತೆರೆದವಳು ಹಾಗೇ ನಿಂತಳು. ಗಾಳಿ ಜಾಸ್ತಿಯಾಯಿತು, ಕಮ್ಮಿ ಮಾಡು. ಇಷ್ಟು ಸಾಕು ಅವನಿಗೆ. ಗಾಳಿ ಬರುತ್ತದೆ, ದೀಪ ಬರುತ್ತದೆ, ಕುಡಿ ನಡುಗುತ್ತದೆ. ಆರು ತಿಂಗಳಿಗೆ ಒಂದು ವಿಶೇಷಾಂಕದಲ್ಲಿ ಇನ್ನೊಂದು ಪದ್ಯ ಬರುತ್ತದೆ, ಅದೂ ಚೆನ್ನಾಗಿಯೇ ಇರುತ್ತದೆ. ಅವನ ಕಣ್ಣು ಒದ್ದೆಯಾಗಿಯೇ ಇತ್ತು. ಆ ಒದ್ದೆಯ ಹಿಂದೆ ಏನೋ ಕಾಯುತ್ತಾ ಕೂತಿದ್ದನ್ನು ಅವಳು ಕಂಡಳು. ಕಂಡದ್ದು ತನ್ನ ಭ್ರಮೆಯೂ ಇರಬಹುದು. ಆದರೂ ಹೇಳಲಿಲ್ಲ.

"ಏನೂ ಹೇಳ್ಲಿಲ್ಲ," ಎಂದಳು.

ಕೆಳಗಿನ ಮನೆಯ ಕಾಂಪೌಂಡರು ಒಳ್ಳೆಯ ಮನುಷ್ಯ. ಶವದ ಗಾಡಿಗೆ ಹೇಳಿದ್ದ, ವಿದ್ಯುತ್ ಚಿತಾಗಾರದಲ್ಲಿ ಸಮಯ ಗೊತ್ತುಮಾಡಿದ್ದ. ಬಾಗಿಲಲ್ಲೇ ನಿಂತು, "ಪೇಪರಿಗೆ ಒಂದು ನಿಧನವಾರ್ತೆ ಕೊಟ್ಬಿಡ್ತೀನಿ ಮೇಡಂ," ಎಂದ. "ಕೌಂಟರಮ್ಮ ಅಂದ್ರೆ ಹಳಬರಿಗೆಲ್ಲ ಗೊತ್ತು. ಒಂದು ಫೋಟೋ ಕೊಡಿ. ಮಕ್ಕಳ ಹೆಸರು ಏನಂತ ಹಾಕ್ಸಲಿ?"

"ಒಂದು ನಿಮಿಷ," ಎಂದು ಅಣ್ಣ ತಂಗಿಯ ತೋಳು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದ.

ಒಲೆಯ ಪಕ್ಕದ ಕಟ್ಟೆಯ ಮೇಲೆ ಅಮ್ಮನ ಮಾತ್ರೆಗಳು ಹಾಗೇ ಇದ್ದವು. ಅಣ್ಣ ಅವುಗಳನ್ನು ನೋಡುತ್ತಾ ಮಾತಾಡಿದ. "ಪೇಪರಿಗೆ ಬೇಕಾ ಪುಟ್ಟಿ?"

"ಜನಕ್ಕೆ ಗೊತ್ತಾಗ್ಬೇಡ್ವಾ?"

"ಬೇಕು ಅನ್ಸಿದ್ರೆ ಕೊಡು. ನಾನು ಬೇಡ ಅನ್ನಲ್ಲ. ನನ್ನ ಹೆಸರು ಮಾತ್ರ... ನಿನಗೆ ಅರ್ಥ ಆಗುತ್ತಲ್ಲ. ಈಗ ಪಠ್ಯಪುಸ್ತಕದಲ್ಲಿ ಬೇರೆ ಬಂದಿದೆ. ಯಾವನಾದ್ರೂ ಒಬ್ಬ ಪತ್ರಕರ್ತನಿಗೆ ಸಿಕ್ಕಿದ್ರೆ ಮುಗೀತು, ಇಷ್ಟು ವರ್ಷದ ಕೆಲಸ ಎಲ್ಲಾ ನೀರಲ್ಲಿ ಹೋಮ."

"ಅರ್ಥ ಆಗುತ್ತೆ," ಎಂದಳು ಅವಳು. "ಅರ್ಥ ಹೇಳೋದೇ ನನ್ನ ಕೆಲಸ."

"ನೀನು ಸಿಟ್ಟಾಗ್ಬೇಡ."

"ಇಲ್ಲ ಅಣ್ಣ. ಹಾಗಾದ್ರೆ ಒಬ್ಬಳೇ ಮಗಳು ಅಂತ ಹಾಕಿಸ್ತೀನಿ."

ಇರಿಯಬೇಕೆಂದೇ ಆಡಿದ ಮಾತು ಅದು. ಅವನು ಇಲ್ಲ ಎನ್ನುತ್ತಾನೆ, ಬೈಯುತ್ತಾನೆ, ನಾನೂ ಮಗ ಕಣೇ ಎನ್ನುತ್ತಾನೆ ಎಂದು ಅವಳು ಕಾದಳು. ಅಣ್ಣನ ಭುಜ ಸಡಿಲವಾಯಿತು. ಮುಖದಲ್ಲಿ ಜ್ವರ ಬಿಟ್ಟವರ ಕಳೆ ಬಂತು.

"ಹಾಗೇ ಮಾಡು," ಎಂದ. "ಅದೇ ಒಳ್ಳೇದು." ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು, "ನೀನು ದೊಡ್ಡ ಮನಸ್ಸಿನೋಳು," ಎಂದ.

ಕಾಂಪೌಂಡರು ತಂದ ಹಾಳೆಯ ಮೇಲೆ ಒಕ್ಕಣೆಯನ್ನು ಅಣ್ಣನೇ ತಿದ್ದಿಕೊಟ್ಟ. 'ನಿಧನ ಹೊಂದಿದರು ಎಂದು ತಿಳಿಸಲು ವಿಷಾದಿಸುತ್ತೇವೆ' ಎಂದಿದ್ದನ್ನು ಹೊಡೆದು 'ವಿಷಾದಿಸುತ್ತೇನೆ' ಎಂದು ಬರೆದ. ಕೆಳಗೆ, 'ಏಕಮಾತ್ರ ಪುತ್ರಿ'. ಒಂದು ಅಕ್ಷರ ತಪ್ಪಿಲ್ಲದೆ ಬರೆದ. ಚಿತಾಗಾರದಲ್ಲಿ ಹಳೆಯ ಗೇಟ್‌ಕೀಪರು, ಗೋಲಿ ಸೋಡಾ ಮಾರುತ್ತಿದ್ದವನು, ಇನ್ನೂ ಕೆಲವರು ಬಂದಿದ್ದರು. ಕಪ್ಪು ಕನ್ನಡಕದ ಈ ಮನುಷ್ಯ ಯಾರು ಎಂದು ಒಬ್ಬರು ಕೇಳಿದಾಗ, "ದೂರದ ಸಂಬಂಧ," ಎಂದು ಅಣ್ಣನೇ ಹೇಳಿದ. ಸಂಜೆಯ ರೈಲಿಗೆ ಹೊರಟುಹೋದ.

ರಜೆ ಮುಗಿಸಿ ಅವಳು ಕಾಲೇಜಿಗೆ ಹೋದಾಗ ವಿಭಾಗದ ಮುಖ್ಯಸ್ಥರು ಎದ್ದು ನಿಂತು ಕೈಮುಗಿದರು. "ಪೇಪರಲ್ಲಿ ನೋಡಿದೆ ಮೇಡಂ. ಒಬ್ಬರೇ ಮಗಳು, ಎಲ್ಲಾ ನೀವೇ ನೋಡ್ಕೋಬೇಕಾಯ್ತಲ್ಲ. ಒಬ್ಬ ಅಣ್ಣನೋ ತಮ್ಮನೋ ಇದ್ದಿದ್ರೆ ಭಾರ ಹಂಚಿಕೊಳ್ತಿದ್ರು."

"ಹೌದು ಸರ್," ಎಂದಳು. ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೋದಳು.

ಒಳಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತಿದ್ದರು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ. ಎರಡು ಪೆನ್ನಿನ ಹುಡುಗಿ ಮುಂದೆ ಬಂದಳು. ಅವ್ವನಿಗೆ ಹೊಸ ಬಟ್ಟೆ ತೋರಿಸುವ ಮಗುವಿನ ಹಾಗೆ ಮುಖದಲ್ಲಿ ಅಳುಕೂ ಇತ್ತು, ಹಿಗ್ಗೂ ಇತ್ತು. "ಮೇಡಂ, ನಿಮಗೋಸ್ಕರ ನಾವೆಲ್ಲಾ ಸೇರಿ..." ಎಂದು ಹಿಂದೆ ತಿರುಗಿ ತಲೆಯಾಡಿಸಿದಳು.

ತರಗತಿ ಒಟ್ಟಿಗೆ ಶುರುಮಾಡಿತು. *ಎಣ್ಣೆಯೂ ನೀನೆ, ಬತ್ತಿಯೂ ನೀನೆ.* ಪುಸ್ತಕ ನೋಡದೆ, ಎಲ್ಲರಿಗೂ ಬಾಯಿಪಾಠ. ಯಾರೋ ಅಭ್ಯಾಸ ಮಾಡಿಸಿದ್ದರು. ಹುಡುಗಿಯರು ಒಂದು ಸಾಲು, ಹುಡುಗರು ಒಂದು ಸಾಲು, ಕೊನೆಯದು ಎಲ್ಲರೂ. ಹಿಂದಿನ ಬೆಂಚಿನ ಪುಂಡನೊಬ್ಬ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಅವಳು ಮೇಜಿನ ಅಂಚು ಹಿಡಿದು ನಿಂತಳು. ಬೇಡ ನಿಲ್ಲಿಸಿ ಎನ್ನಬಹುದಿತ್ತು. ಆದರೆ ಆ ಮಕ್ಕಳ ಮುಖದಲ್ಲಿದ್ದ ದುಃಖ ಸುಳ್ಳಾಗಿರಲಿಲ್ಲ, ಅದು ಅವಳ ಅಮ್ಮನಿಗಾಗಿಯೇ ಇತ್ತು. ಅವರ ಹತ್ತಿರ ಇದ್ದದ್ದು ಈ ಮಾತುಗಳು ಮಾತ್ರ. ಅವನ್ನು ಕೊಟ್ಟವಳು ಅವಳೇ.

ಗುಡಿಸಲು ಬಂತು. ಗುಟುಕು ನೀರು ಬಂತು. ಮಗನ ತೊಡೆ ಬಂತು. ಅವಳ ಕಣ್ಣಿನಿಂದ ನೀರು ಇಳಿಯಿತು. ಪದ್ಯ ಇಷ್ಟು ತಟ್ಟಿತಲ್ಲ ಎಂದು ಮಕ್ಕಳ ದನಿ ಇನ್ನೂ ಮೆತ್ತಗಾಯಿತು.

ಮುಗಿದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಕೂತ್ಕೊಳ್ಳಿ," ಎಂದಳು. "ಚೆನ್ನಾಗಿ ಹೇಳಿದ್ರಿ." ಬೇರೆ ಪಾಠ ತೆಗೆಯಲು ಹೇಳಿ, ಗಂಟೆ ಹೊಡೆಯುವ ತನಕ ಸಂಧಿ ಸಮಾಸ ಮಾಡಿದಳು.

ಹಜಾರದಲ್ಲಿ ಎರಡು ಪೆನ್ನಿನ ಹುಡುಗಿ ಹಿಂದೆಯೇ ಬಂದಳು. "ಮೇಡಂ, ನಾವು ಹಾಗೆ ಮಾಡಿದ್ದು ತಪ್ಪಾಯ್ತಾ?"

"ಇಲ್ಲಮ್ಮ."

"ನಿಮ್ಮ ಅಮ್ಮನೂ ಹಾಗೇ ಇದ್ರಾ ಮೇಡಂ? ಪದ್ಯದಲ್ಲಿ ಇರೋ ಹಾಗೆ?"

"ಇಲ್ಲ," ಎಂದಳು. ಆ ಹುಡುಗಿಗಾದರೂ ಹೇಳಬೇಕು ಅನ್ನಿಸಿತು. ನಮ್ಮಮ್ಮ... ಎಂದು ಮನಸ್ಸಿನಲ್ಲಿ ಶುರುಮಾಡಿದಳು. ಬಂದದ್ದೆಲ್ಲ 'ಅಂತೆ'ಯ ಜೊತೆ ಬಂತು, 'ಹಾಗೆ'ಯ ಜೊತೆ ಬಂತು. ಅಮ್ಮನನ್ನು ಬಿಟ್ಟು ಬೇರೆ ಯಾವುದೋ ವಸ್ತುವಿನ ಕಡೆಗೆ ಓಡಿತು. ಒಂದೊಂದನ್ನೇ ಬಿಟ್ಟಳು.

"ನಮ್ಮಮ್ಮನ ಕಾಲು ತಣ್ಣಗಿರ್ತಿತ್ತು," ಎಂದಳು. "ಬೇಸಿಗೆಯಲ್ಲೂ."

ಹುಡುಗಿ ತಲೆಯಾಡಿಸಿದಳು. "ಯಾವ ಥರ ಮೇಡಂ?"

"ಯಾವ ಥರಾನೂ ಅಲ್ಲ. ತಣ್ಣಗಿರ್ತಿತ್ತು."

ಪಕ್ಕದ ತರಗತಿ ಬಿಟ್ಟಿತು. ಹುಡುಗರು ನೂಕಾಡುತ್ತಾ ಇಬ್ಬರ ನಡುವೆ ನುಗ್ಗಿದರು. ಅವರ ತಲೆಗಳ ಆಚೆ ಆ ಹುಡುಗಿ ಪುಸ್ತಕ ಎದೆಗೊತ್ತಿಕೊಂಡು, ಮುಖ ಎತ್ತಿ, ವಾಕ್ಯದ ಉಳಿದ ಅರ್ಧಕ್ಕೆ ಇನ್ನೂ ಕಾಯುತ್ತಾ ನಿಂತಿದ್ದಳು.